ಪಹಣಿಯಲ್ಲಿ ಹೆಸರಿಲ್ಲದ ಸಹೋದರಿಯ ಪಾಲು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಮಳೆ ಬಂದ ವರ್ಷ ಕಡಲೆಕಾಯಿ ಬೆಳೆದು, ಬಾರದ ವರ್ಷ ಬೀಳು ಬೀಳುತ್ತಿದ್ದ ಸುಮಾರು 13,000 ಎಕರೆ ಭೂಮಿಯಲ್ಲಿ ಇಂದು ಸೌರ ಫಲಕಗಳು ನಿಂತಿವೆ. 2018ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಗೊಂಡ ಈ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಇಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ 28 ವರ್ಷಗಳ ಅವಧಿಗೆ ಗುತ್ತಿಗೆ ಪಡೆಯಲಾಗಿದೆ. ಎಕರೆಯೊಂದಕ್ಕೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಎರಡು ವರ್ಷಗಳಿಗೊಮ್ಮೆ ಶೇಕಡ 5ರಷ್ಟು ಹೆಚ್ಚಳ. ಬರದ ನಾಡಿನ ರೈತನಿಗೆ ಇದು ಸಣ್ಣ ಮೊತ್ತವಲ್ಲ. ಒಂದು ಎಕರೆಯ ಒಡೆಯನಿಗೆ ಇಡೀ ಅವಧಿಯಲ್ಲಿ ಸುಮಾರು ಎಂಟು ಲಕ್ಷ ರೂಪಾಯಿ ಸಲ್ಲುತ್ತದೆ.

ಆ ಒಡೆಯನು ಯಾರು? ಗುತ್ತಿಗೆಯ ಕರಾರು ಪಹಣಿಯನ್ನು ನೋಡುತ್ತದೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. ನಮ್ಮ ಎಷ್ಟೋ ಕುಟುಂಬಗಳಲ್ಲಿ ತಂದೆ ತೀರಿಕೊಂಡ ಬಳಿಕ ಪಹಣಿಗೆ ಬರುವುದು ಹಿರಿಯ ಮಗನ ಹೆಸರು, ಹೆಚ್ಚೆಂದರೆ ಗಂಡುಮಕ್ಕಳೆಲ್ಲರ ಹೆಸರು. ಶಿರಾದಲ್ಲೋ ಮಧುಗಿರಿಯಲ್ಲೋ ಮದುವೆಯಾಗಿ ಹೋದ ಸಹೋದರಿಯ ಹೆಸರು ಅಲ್ಲಿರುವುದು ಅಪರೂಪ.

ಭೂಮಿಯಲ್ಲಿ ಏನೂ ಹುಟ್ಟದಿದ್ದ ಕಾಲದಲ್ಲಿ ಪಾಲಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಕೊರಟಗೆರೆಯಲ್ಲಿ ಎತ್ತಿನಹೊಳೆ ಯೋಜನೆಯ ಬೈರಗೊಂಡ್ಲು ಜಲಾಶಯದ ವಿಚಾರವಿದೆ. ತುಮಕೂರು–ರಾಯದುರ್ಗ ರೈಲುಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ತುಮಕೂರು–ದಾವಣಗೆರೆ ಮಾರ್ಗ ಶಿರಾವನ್ನು ಮುಟ್ಟುತ್ತದೆ. ಎಲ್ಲೆಡೆ ಭೂಮಿ ಹಣವಾಗುತ್ತಿದೆ. ಭೂಮಿಯನ್ನು ಮುಂದೊಂದು ದಿನ ಅಳೆದು ಹಂಚಬಹುದು. ಖರ್ಚಾಗಿ ಹೋದ ಪರಿಹಾರದ ಹಣವನ್ನು ಹಂಚಲಾಗದು. ಆದ್ದರಿಂದಲೇ ಈ ಮಾತನ್ನು ಈಗ ಆಡಬೇಕಾಗಿದೆ.

ಇಸ್ಲಾಮೀ ಶರೀಅತ್ತಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಎಂಬ ಕಲ್ಪನೆಯೇ ಇಲ್ಲ. ತಂದೆ ಜೀವಂತವಿರುವವರೆಗೆ ಆಸ್ತಿ ಅವನೊಬ್ಬನದು. ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ಅವನು ಕೊನೆಯುಸಿರೆಳೆದ ಕ್ಷಣವೇ ಆಸ್ತಿ ವಾರಸುದಾರರದಾಗುತ್ತದೆ. ಅಂತ್ಯಸಂಸ್ಕಾರದ ವೆಚ್ಚ, ಪತ್ನಿಗೆ ಕೊಡದೆ ಉಳಿಸಿಕೊಂಡಿದ್ದ ಮಹ್ರ್ ಸೇರಿದಂತೆ ಮೃತನ ಸಾಲ, ಮೂರನೆಯ ಒಂದು ಭಾಗ ಮೀರದ ವಸಿಯ್ಯತ್ — ಇಷ್ಟು ಕಳೆದು ಉಳಿದುದರಲ್ಲಿ ಪ್ರತಿಯೊಬ್ಬರ ಪಾಲೂ ನಿಶ್ಚಿತ. ಖಾತೆ ಬದಲಾವಣೆಗೋ ಹಿರಿಯಣ್ಣನ ಒಪ್ಪಿಗೆಗೋ ಆ ಹಕ್ಕು ಕಾಯುವುದಿಲ್ಲ. ಹಂಚಿಕೆಯಾಗುವವರೆಗೆ ಅವರೆಲ್ಲರೂ ಸಹಮಾಲೀಕರು, ಪ್ರತಿ ಗುಂಟೆಯಲ್ಲಿಯೂ ಪ್ರತಿಯೊಬ್ಬರ ಅಂಶವಿದೆ. ‘ಮನೆಯ ಯಜಮಾನ’ ಎಂದು ನಾವು ಗೌರವದಿಂದ ಕರೆಯುವ ಹಿರಿಯ ಮಗನಿಗೆ ಉಳಿದವರ ಪಾಲಿನ ಮೇಲೆ ಯಜಮಾನಿಕೆ ಎಂಬುದು ಇಲ್ಲ.

ಸೂರಃ ಅನ್ನಿಸಾದ 7ನೆಯ ಸೂಕ್ತದಲ್ಲಿ ತಂದೆತಾಯಿ ಮತ್ತು ಆಪ್ತ ಬಂಧುಗಳು ಬಿಟ್ಟುಹೋದುದರಲ್ಲಿ ಪುರುಷರಿಗಿರುವಂತೆಯೇ ಸ್ತ್ರೀಯರಿಗೂ ಪಾಲಿದೆಯೆಂದೂ, ಅದು ಅಲ್ಪವಾಗಿದ್ದರೂ ಅಧಿಕವಾಗಿದ್ದರೂ ಕಡ್ಡಾಯವೆಂದೂ ಹೇಳಲಾಗಿದೆ. ‘ಅಲ್ಪವಾಗಿದ್ದರೂ’ ಎಂಬುದನ್ನು ಒಣಭೂಮಿಯ ನಾವು ವಿಶೇಷವಾಗಿ ಗಮನಿಸಬೇಕು. ಎರಡೆಕರೆ ಬೀಳಿನಲ್ಲಿ ಏನು ಪಾಲು ಎಂದು ಕೇಳುವವರಿಗೆ ಉತ್ತರ ಅಲ್ಲಿಯೇ ಇದೆ.

ಮುಂದಿನ ಸೂಕ್ತಗಳ ಹಿನ್ನೆಲೆಯಾಗಿ ಹದೀಸ್ ಗ್ರಂಥಗಳಲ್ಲಿ ಬಂದಿರುವ ಘಟನೆಯೊಂದನ್ನು ಇಲ್ಲಿ ನೆನೆಯಬೇಕು. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ) ಅವರ ಪತ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಮಕ್ಕಳ ಚಿಕ್ಕಪ್ಪ ಆಸ್ತಿಯನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡಿದ್ದನು. ಕೈಯಲ್ಲಿ ಏನೂ ಇಲ್ಲದ ಈ ಹುಡುಗಿಯರ ಮದುವೆ ಹೇಗೆ ಎಂಬುದು ಆ ತಾಯಿಯ ಅಳಲು. ವಾರಸಿನ ಸೂಕ್ತಗಳು ಅವತೀರ್ಣವಾದವು. ಪ್ರವಾದಿವರ್ಯರು(ಸ) ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಬ್ಬರಿಗೆ ಮೂರನೆಯ ಎರಡು ಭಾಗ, ಅವರ ತಾಯಿಗೆ ಎಂಟನೆಯ ಒಂದು ಭಾಗ ಕೊಡುವಂತೆಯೂ ಉಳಿದುದನ್ನು ತಾನು ಇಟ್ಟುಕೊಳ್ಳುವಂತೆಯೂ ಆಜ್ಞಾಪಿಸಿದರು. ಇಪ್ಪತ್ತನಾಲ್ಕು ಭಾಗಗಳಲ್ಲಿ ಹೆಣ್ಣುಮಕ್ಕಳಿಗೆ ಹದಿನಾರು, ತಾಯಿಗೆ ಮೂರು, ಎಲ್ಲವನ್ನೂ ಹಿಡಿದುಕೊಂಡಿದ್ದವನಿಗೆ ಐದು. ವಿಧವೆಯೊಬ್ಬಳು ಬಂದು ಕೇಳಿದಳು. ಕೇಳಿದ್ದಕ್ಕಾಗಿ ಅವಳನ್ನು ಯಾರೂ ಆಸ್ತಿಯ ಆಸೆಯವಳೆಂದು ಹಳಿಯಲಿಲ್ಲ.

ನಮ್ಮ ನೆಲದ ಲೆಕ್ಕವೊಂದನ್ನು ಮಾಡಿ ನೋಡೋಣ. ಸೌರ ಪಾರ್ಕಿಗೆ ಎಂಟು ಎಕರೆ ಕೊಟ್ಟ ಒಬ್ಬರು ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರೆಂದು ಭಾವಿಸಿ. ಅವರ ತಂದೆತಾಯಿ ಮೊದಲೇ ತೀರಿದ್ದಾರೆ. ಪತ್ನಿಗೆ ಎಂಟನೆಯ ಒಂದು, ಅಂದರೆ ಒಂದು ಎಕರೆ. ಉಳಿದ ಏಳರಲ್ಲಿ ಗಂಡುಮಕ್ಕಳಿಗೆ ತಲಾ ಎರಡು, ಹೆಣ್ಣುಮಕ್ಕಳಿಗೆ ತಲಾ ಒಂದು. ಆರಂಭದ ದರದಲ್ಲಿಯೇ ವರ್ಷಕ್ಕೆ ಬರುವ 1,68,000 ರೂಪಾಯಿಯಲ್ಲಿ ತಾಯಿಗೂ ಮೂವರು ಹೆಣ್ಣುಮಕ್ಕಳಿಗೂ ತಲಾ 21,000. ಒಟ್ಟು 84,000 ರೂಪಾಯಿ, ಸರಿಯಾಗಿ ಅರ್ಧ. ಇಬ್ಬರು ಅಣ್ಣತಮ್ಮಂದಿರ ಹೆಸರು ಮಾತ್ರ ಪಹಣಿಯಲ್ಲಿದ್ದರೆ ಪ್ರತಿವರ್ಷ ಈ ಅರ್ಧ ಅವರ ಖಾತೆಯಲ್ಲಿ ಪರರ ಸ್ವತ್ತಾಗಿ ಕುಳಿತಿರುತ್ತದೆ. ಅದರಿಂದಲೇ ಉಮ್ರಾ ಯಾತ್ರೆಗೆ ಹೊರಡುವವರೂ ಇದ್ದಾರು.

ದೇಶದ ನ್ಯಾಯಾಲಯಗಳ ನಿಲುವೂ ಈ ವಿಷಯದಲ್ಲಿ ಬೇರೆಯಲ್ಲ. ಸೈಯದ್ ಶಾ ಗುಲಾಮ್ ಘೌಸ್ ಮೊಹಿಯುದ್ದೀನ್ ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟು ಮುಸ್ಲಿಮನ ವಾರಸುದಾರರು ತಂತಮ್ಮ ನಿಶ್ಚಿತ ಪಾಲುಗಳುಳ್ಳ ಸಹಮಾಲೀಕರೆಂದೂ, ಒಬ್ಬನ ಸ್ವಾಧೀನ ಎಲ್ಲರ ಪರವಾದ ಸ್ವಾಧೀನವೆಂದೂ ಹೇಳಿತು. ಇಪ್ಪತ್ತು ವರ್ಷ ಉತ್ತಿದ್ದೇನೆ ಎಂಬುದರಿಂದ ಮಾತ್ರ ಸಹೋದರಿಯ ಹಕ್ಕು ಅಳಿಯದು. ಆಕೆಯ ಹಕ್ಕನ್ನು ಆಕೆಗೆ ತಿಳಿಯುವಂತೆ ಬಹಿರಂಗವಾಗಿ ನಿರಾಕರಿಸಿರಬೇಕು, ಆಗ ಮಾತ್ರ ಕಾಲಮಿತಿಯ ಎಣಿಕೆ ಶುರುವಾಗುತ್ತದೆ. ಪಹಣಿಯ ನಮೂದು ಕಂದಾಯದ ವ್ಯವಹಾರಕ್ಕಾಗಿಯೇ ಹೊರತು ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ ಎಂಬುದನ್ನು ನ್ಯಾಯಾಲಯಗಳು ಮತ್ತೆಮತ್ತೆ ಹೇಳಿವೆ. ಸಹಮಾಲೀಕನೊಬ್ಬ ಇಡೀ ಜಮೀನನ್ನು ಮಾರಿದರೂ ಕೊಂಡವನಿಗೆ ದಾಟುವುದು ಮಾರಿದವನ ಪಾಲು ಮಾತ್ರ. ಅಪ್ರಾಪ್ತ ತಮ್ಮತಂಗಿಯರ ಪಾಲನ್ನು ಅಣ್ಣನು ಮಾರಲಾರನೆಂದು 1952ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಹೀಗಿದ್ದರೂ ಹಕ್ಕು ಕೈಗೆ ಬರುವುದಿಲ್ಲ. ನಮ್ಮಲ್ಲಿ ಇದಕ್ಕೆ ಅಡ್ಡವಾಗಿರುವುದು ಕಾನೂನಲ್ಲ, ಒಂದು ವಾಕ್ಯ: “ಬಾಜಿ ಬಿಟ್ಟುಕೊಟ್ಟಿದ್ದಾರೆ.”

ಬಾಜಿ ಯಾವಾಗ ಬಿಟ್ಟುಕೊಟ್ಟರು? ಬಹುಮಟ್ಟಿಗೆ ತಂದೆಯ ನಲವತ್ತನೆಯ ದಿನದ ಆಸುಪಾಸಿನಲ್ಲಿ, ತುಂಬಿದ ಮನೆಯಲ್ಲಿ, ಹಿರಿಯರ ಮುಂದೆ. ಎಷ್ಟು ಪಾಲು, ಅದರ ಬೆಲೆ ಎಷ್ಟು ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ. ಬೇಕು ಎಂದರೆ ಏನಾಗುವುದೆಂದು ಮಾತ್ರ ಆಕೆಗೆ ಗೊತ್ತು. ತವರಿನ ಬಾಗಿಲು ಮುಚ್ಚುತ್ತದೆ. ಈದ್‌ಗೆ ಕರೆಯಲು ಯಾರೂ ಬರುವುದಿಲ್ಲ. ಮಗಳ ಮದುವೆಗೆ ಮಾಮೂಜಾನ್ ಬಂದು ನಿಲ್ಲುವುದಿಲ್ಲ. ಗಂಡನ ಮನೆಯಲ್ಲಿ ಒಂದು ಮಾತು ಬಂದರೆ ಹೋಗಿ ನಾಲ್ಕು ದಿನ ಇರಲು ಜಾಗವಿಲ್ಲ. ಕನ್ನಡ ನಾಡಿನ ಹೆಣ್ಣಿಗೆ, ಅವಳು ಯಾವ ಧರ್ಮದವಳೇ ಆಗಿರಲಿ, ತವರು ಎಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಆ ತವರನ್ನು ಒಂದು ತಕ್ಕಡಿಯಲ್ಲಿಯೂ ಅಲ್ಲಾಹನು ನಿಶ್ಚಯಿಸಿದ ಪಾಲನ್ನು ಇನ್ನೊಂದರಲ್ಲಿಯೂ ಇಟ್ಟು ಆರಿಸಿಕೋ ಎಂದರೆ ಆಕೆ ತವರನ್ನೇ ಆರಿಸುತ್ತಾಳೆ. ಇದನ್ನು ತೃಪ್ತಿಯಿಂದ ಕೊಟ್ಟ ದಾನವೆಂದು ಕರೆಯಲು ನಮಗೆ ಬಾಯಿ ಬಾರದು.

ಫಿಕ್ಹ್‌ನ ದೃಷ್ಟಿಯಿಂದಲೂ ಈ ವಾಕ್ಯ ಬಲಹೀನವಾದುದು. ಈ ನಾಲ್ಕು ತಾಲ್ಲೂಕುಗಳ ಬಹುತೇಕ ಕುಟುಂಬಗಳು ಅನುಸರಿಸುವ ಹನಫೀ ಮಝ್‌ಹಬ್‌ನಲ್ಲಿ ವಾರಸಿನ ಹಕ್ಕು ‘ಬಿಟ್ಟೆ’ ಎಂದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ. ಅದು ಕೊಡುಗೆಯಾಗಬೇಕಾದರೆ ಹಿಬಾದ ನಿಯಮ ಪಾಲಿಸಬೇಕು. ಹಿಬಾ ಪೂರ್ಣವಾಗಲು ಸ್ವಾಧೀನ ವರ್ಗಾವಣೆಯಾಗಬೇಕು. ಹಂಚಲು ಸಾಧ್ಯವಿರುವ ಆಸ್ತಿಯಲ್ಲಿ ಹಂಚದ ಪಾಲನ್ನು, ಅಂದರೆ ಮುಶಾಅ್ ಅನ್ನು, ಹಿಬಾ ಮಾಡುವುದನ್ನು ಹನಫೀ ವಿದ್ವಾಂಸರು ಪೂರ್ಣವೆಂದು ಒಪ್ಪುವುದಿಲ್ಲ. ಆದ್ದರಿಂದಲೇ ಉಲಮಾಗಳು ಎರಡು ದಾರಿ ತೋರಿಸುತ್ತಾರೆ. ಮೊದಲು ಪಾಲನ್ನು ಬೇರ್ಪಡಿಸಿ ಆಕೆಯ ಕೈಗಿಡಿ. ಆಮೇಲೆ ಇಷ್ಟವಿದ್ದರೆ ಆಕೆ ಕೊಡಲಿ. ಇಲ್ಲವೇ ‘ತಖಾರುಜ್’ ಮಾಡಿಕೊಳ್ಳಿ. ಎಂದರೆ ಆಕೆ ಒಪ್ಪಿದ ಮೊತ್ತವನ್ನೋ ವಸ್ತುವನ್ನೋ ಪಡೆದು ಪಾಲಿನಿಂದ ಹೊರಬರಲಿ. ನ್ಯಾಯಾಲಯಗಳು ಸಹವಾರಸುದಾರರ ನಡುವಿನ ಹಿಬಾದ ವಿಷಯದಲ್ಲಿ ಇದಕ್ಕಿಂತ ಸಡಿಲವಾಗಿವೆ, ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಸಾಮಾನ್ಯವಾಗಿ ಮಾನ್ಯ ಮಾಡುತ್ತವೆ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡವನು ಪರಲೋಕದ ವಿಚಾರಣೆಯನ್ನೂ ಅದೇ ಪತ್ರದಿಂದ ದಾಟುವೆನೆಂದು ತಿಳಿಯಬಾರದು.

ತಂದೆ ಬದುಕಿರುವಾಗಲೇ ಮಗಳಿಂದ ‘ಮುಂದೆ ಪಾಲು ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುವ ಪದ್ಧತಿಯೂ ಉಂಟು. ಆಗ ಆಕೆಗೆ ಇರುವುದು ಹಕ್ಕಲ್ಲ, ಮುಂದೆ ಬರಬಹುದಾದ ಒಂದು ನಿರೀಕ್ಷೆ ಮಾತ್ರ. ಇಲ್ಲದ ಹಕ್ಕನ್ನು ಬಿಡುವುದು ಹೇಗೆ? ಶರೀಅತ್ ಇದನ್ನು ಮಾನ್ಯ ಮಾಡುವುದಿಲ್ಲ. ವಾರಸಿನ ನಿರೀಕ್ಷೆಯನ್ನು ವರ್ಗಾಯಿಸಲಾಗದೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಹೇಳುತ್ತದೆ. ಆದರೆ ಎಚ್ಚರಿಕೆಯ ಮಾತೊಂದಿದೆ. ಗುಲಾಮ್ ಅಬ್ಬಾಸ್ ಪ್ರಕರಣದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಹಾಗೆ ಬರೆದುಕೊಟ್ಟು ತಂದೆ ತನ್ನ ಆಸ್ತಿಯನ್ನು ಅದಕ್ಕೆ ತಕ್ಕಂತೆ ನಡೆಸಲು ಕಾರಣರಾದ ಮಕ್ಕಳು ಆಮೇಲೆ ಪಾಲು ಕೇಳುವಂತಿಲ್ಲವೆಂದಿತು. ಆದುದರಿಂದ ಸಹೋದರಿಯರೇ, ಮದುವೆಯ ಖರ್ಚಿಗೆಂದು ಕೊಟ್ಟ ಹಣದ ಜೊತೆಗೆ ಬರುವ ಕಾಗದವನ್ನು ಓದದೆ ಸಹಿ ಹಾಕಬೇಡಿ.

ಬದುಕಿರುವಾಗಲೇ ಎಲ್ಲವನ್ನೂ ಗಂಡುಮಕ್ಕಳಿಗೆ ದಾನಪತ್ರ ಮಾಡಿಬಿಡುವ ತಂದೆಯ ವಿಷಯ ಬೇರೆ. ಸ್ವಾಧೀನ ಬಿಟ್ಟುಕೊಟ್ಟಿದ್ದರೆ ಕಾನೂನಿನಲ್ಲಿ ಅದು ನಿಲ್ಲುತ್ತದೆ. ಆದರೆ ನುಅ್‌ಮಾನ್ ಬಿನ್ ಬಶೀರ್(ರ) ಅವರ ತಂದೆ ಅವರಿಗೊಂದು ಕೊಡುಗೆ ನೀಡಿ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೇಳಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು ವಿಚಾರಿಸಿ, ಇಲ್ಲವೆಂದು ತಿಳಿದಾಗ ಸಾಕ್ಷಿಯಾಗಲು ಅವರು ಒಪ್ಪಲಿಲ್ಲ. ಜಮಾಅತಿನ ಹಿರಿಯರನ್ನು ಇಂಥ ಪತ್ರಗಳಿಗೆ ಸಾಕ್ಷಿಯಾಗಿ ಕರೆಯುವಾಗ ಈ ಹದೀಸ್ ಎರಡು ಕಡೆಯವರಿಗೂ ನೆನಪಿರಲಿ.

ಇನ್ನೊಂದು ರೂಢಿ ‘ಅಮ್ಮೀ ಇರುವವರೆಗೆ ಮನೆ ಹಾಗೆಯೇ ಇರಲಿ, ಆಮೇಲೆ ಗಂಡುಮಕ್ಕಳಿಗೆ’ ಎಂಬುದು. ತಾಯಿ ತನ್ನ ಮನೆಯಲ್ಲಿಯೇ ಉಳಿಯಲೆಂಬ ಆಶಯ ಶ್ಲಾಘನೀಯ. ಆದರೆ ಗಂಡ ತೀರಿದ ದಿನವೇ ತಾಯಿ ಎಂಟನೆಯ ಒಂದು ಭಾಗದ ಪೂರ್ಣ ಒಡತಿ, ಹೆಣ್ಣುಮಕ್ಕಳೂ ತಂತಮ್ಮ ಪಾಲಿನ ಪೂರ್ಣ ಒಡತಿಯರು. ‘ಆಯುಷ್ಯ ಇರುವವರೆಗೆ ಮಾತ್ರ’ ಎಂದು ಕೊಡುವ ಕೊಡುಗೆಯನ್ನು ಅರಬರು ‘ಉಮ್ರಾ’ ಎನ್ನುತ್ತಿದ್ದರು (ಮಕ್ಕಾ ಯಾತ್ರೆಯ ಉಮ್ರಾ ಬೇರೆ, ಇದು ಆಯುಷ್ಯ ಎಂಬರ್ಥದ ಪದದಿಂದ ಬಂದುದು). ಹಾಗೆ ಕೊಟ್ಟದ್ದು ಪಡೆದವನಿಗೂ ಅವನ ವಾರಸುದಾರರಿಗೂ ಸೇರಿತೆಂದು ಹದೀಸ್ ಇದೆ. ಕೊಡುಗೆ ಉಳಿಯುತ್ತದೆ, ಷರತ್ತು ಬೀಳುತ್ತದೆ ಎಂದು ಹನಫೀ ಫುಕಹಾಗಳು ಅರ್ಥೈಸಿದರು. 1948ರಲ್ಲಿ ಪ್ರೀವಿ ಕೌನ್ಸಿಲ್, ವಸ್ತುವಿನ ಒಡೆತನ ಬೇರೆ, ಅದರ ಉಪಭೋಗ ಬೇರೆ ಎಂದು ವಿಂಗಡಿಸಿ, ಉಪಭೋಗವನ್ನು ಕಾಲಮಿತಿಯಿಂದ ಕೊಡಬಹುದೆಂದಿತು. ನಮ್ಮ ಮನೆಗಳಿಗೆ ಇದರಿಂದ ದೊರೆಯುವ ದಾರಿ ಸರಳ. ಎಲ್ಲರ ಹೆಸರೂ ಖಾತೆಯಲ್ಲಿರಲಿ. ತಾಯಿ ಇರುವವರೆಗೆ ಯಾರೂ ಅವರನ್ನು ಕದಲಿಸುವುದಿಲ್ಲವೆಂದು ಎಲ್ಲರೂ ಸೇರಿ ಬರೆದುಕೊಳ್ಳಲಿ.

ಅಣ್ಣತಮ್ಮಂದಿರ ಮಾತಿನಲ್ಲಿಯೂ ಹುರುಳಿದೆ. ತಂದೆಯ ಸಾಲ ತೀರಿಸಿದವನು ಮಗ; ನೀರು ಬೀಳದ ಮೂರು ಬೋರ್‌ವೆಲ್‌ಗಳ ಬಡ್ಡಿ ಕಟ್ಟಿದವನು ಅವನು; ಕೊನೆಗಾಲದಲ್ಲಿ ತುಮಕೂರಿನ ಆಸ್ಪತ್ರೆಗೆ ಅಲೆದವನೂ ಅವನೇ. ಇದಕ್ಕೆ ಬೆಲೆ ಇಲ್ಲವೇ? ತಂದೆಯ ಪರವಾಗಿ ಸಾಲವೆಂದು ಕೊಟ್ಟ ಹಣ ಮೃತನ ಆಸ್ತಿಯ ಮೇಲಿನ ಋಣ, ಪಾಲಿಗೆ ಮೊದಲು ಅದನ್ನು ಕಳೆಯಬಹುದು. ತಂದೆ ತೀರಿದ ಮೇಲೆ ಎಲ್ಲರ ಒಪ್ಪಿಗೆಯಿಂದ ಜಮೀನಿಗೆ ಹಾಕಿದ ವೆಚ್ಚವನ್ನೂ ಲೆಕ್ಕಕ್ಕೆ ತರಬಹುದು. ಆದರೆ ಅದು ಲೆಕ್ಕವಾಗಿ ಬರಬೇಕು, ಚೀಟಿ ರಸೀದಿಗಳೊಡನೆ. ‘ಮದುವೆಗೆ ಖರ್ಚು ಮಾಡಿದ್ದೇವೆ, ಹೆರಿಗೆ ಮಾಡಿಸಿದ್ದೇವೆ’ ಎಂಬುದು ಲೆಕ್ಕವಲ್ಲ. ಮಗನ ಮದುವೆಗೂ ಖರ್ಚಾಗಿದೆ.

ಒಣಭೂಮಿಯನ್ನು ತುಂಡು ಮಾಡಿದರೆ ಯಾರಿಗೂ ಉಪಯೋಗವಿಲ್ಲ ಎನ್ನುವವರ ಮಾತನ್ನೂ ಒಪ್ಪುತ್ತೇವೆ. ಪಾಲು ಕೊಡುವುದೆಂದರೆ ಬೇಲಿ ಹಾಕುವುದೆಂದಲ್ಲ. ಜಂಟಿ ಖಾತೆಯಲ್ಲಿ ಎಲ್ಲರ ಹೆಸರನ್ನೂ ಪಾಲಿನ ಪ್ರಮಾಣದೊಡನೆ ಬರೆಸಿ, ಗುತ್ತಿಗೆಯ ಹಣವನ್ನು ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಬಹುದು. ಉಳುವವನೇ ಸಹೋದರಿಯ ಪಾಲನ್ನು ಕೊಂಡುಕೊಳ್ಳಬಹುದು. ಬೆಲೆ ಮಾತ್ರ ಊರಿನ ಇಂದಿನ ಬೆಲೆಯಾಗಿರಲಿ, ತಂದೆ ಕೊಂಡ ಕಾಲದ್ದಲ್ಲ. ಒಮ್ಮೆಗೆ ಹಣವಿಲ್ಲದಿದ್ದರೆ ಕಂತಿನಲ್ಲಿ ಕೊಡಲಿ. ಭೂಸ್ವಾಧೀನವಾದಲ್ಲಿ ಹೆಸರು ಬಿಟ್ಟುಹೋದ ವಾರಸುದಾರರು ಪರಿಹಾರ ವಿತರಣೆಗೆ ಮೊದಲೇ ಆಕ್ಷೇಪಣೆ ಸಲ್ಲಿಸಬೇಕು. ಹಣ ಹೋದ ಮೇಲೆ ಉಳಿಯುವುದು ಸಿವಿಲ್ ದಾವೆ ಮಾತ್ರ, ಅದರ ಆಯುಷ್ಯ ಎಲ್ಲರಿಗೂ ತಿಳಿದದ್ದೇ.

28 ವರ್ಷಗಳ ಗುತ್ತಿಗೆಯ ಬಗ್ಗೆ ಇನ್ನೊಂದು ಮಾತು. ಈ ಅವಧಿ ಮುಗಿಯುವ ಹೊತ್ತಿಗೆ ಕರಾರಿಗೆ ಸಹಿ ಹಾಕಿದವರಲ್ಲಿ ಅನೇಕರು ಇರುವುದಿಲ್ಲ. ಭೂಮಿ ಹಿಂದಿರುಗುವುದು ಮೊಮ್ಮಕ್ಕಳ ಕೈಗೆ. ಹಂಚುವ ಮೊದಲೇ ವಾರಸುದಾರರೂ ತೀರುತ್ತ ಹೋದರೆ ಮಾಡಬೇಕಾದ ಲೆಕ್ಕಕ್ಕೆ ಫರಾಇಝ್ ಶಾಸ್ತ್ರದಲ್ಲಿ ‘ಮುನಾಸಖಾ’ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿಯೇ ತಾಯಿ ಬದುಕಿರುವಾಗ ಒಬ್ಬ ಮಗಳು ಗಂಡ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿದಳೆನ್ನಿ. ಆಕೆಯ ಒಂದು ಎಕರೆಯನ್ನು 36 ಭಾಗ ಮಾಡಿ ಗಂಡನಿಗೆ 9, ತಾಯಿಗೆ 6, ಮಗನಿಗೆ 14, ಮಗಳಿಗೆ 7 ಕೊಡಬೇಕು. ಎಂಟು ಭಾಗವಿದ್ದ ಜಮೀನು ಒಂದೇ ಸಾವಿನಿಂದ 288 ಭಾಗವಾಯಿತು. ಪಾವಗಡದ ಕುಟುಂಬಗಳ ಬಂಧುಗಳು ಮಡಕಶಿರಾ, ಹಿಂದೂಪುರಗಳಲ್ಲಿಯೂ ಹರಡಿರುವುದರಿಂದ ಮುಂದಿನ ತಲೆಮಾರು ಈ ಭಾಗಗಳ ಒಡೆಯರನ್ನು ಎರಡು ರಾಜ್ಯಗಳಲ್ಲಿ ಹುಡುಕಬೇಕಾದೀತು. ಎಂಟಾಗಿರುವಾಗಲೇ ಹಂಚಿಬಿಡುವುದು ಸುಲಭ.

ನೆರೆಯ ಹಿಂದೂ ಬಾಂಧವರಲ್ಲಿ ಮೈಸೂರು ಸಂಸ್ಥಾನದ 1933ರ ಕಾಯ್ದೆ ಮಹಿಳೆಯರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. ಕರ್ನಾಟಕದಲ್ಲಿ 1994ರಿಂದ, ದೇಶದಲ್ಲೆಡೆ 2005ರಿಂದ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಗಂಡುಮಕ್ಕಳೊಡನೆ ಸಮಾನ ಪಾಲುದಾರರು. ಅವರ ಹೆಣ್ಣುಮಕ್ಕಳು ಇಂದು ವಿಭಾಗದ ದಾವೆಗಳಲ್ಲಿ ಧೈರ್ಯದಿಂದ ನಿಲ್ಲುತ್ತಿದ್ದಾರೆ. ಹದಿನಾಲ್ಕು ಶತಮಾನಗಳ ಹಿಂದೆಯೇ ಪಾಲು ಪಡೆದ ಸಮುದಾಯವೆಂದು ವೇದಿಕೆಗಳಲ್ಲಿ ಹೇಳಿಕೊಳ್ಳುವ ನಾವು ನಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆದು ನೋಡಬೇಕು.

ಮದ್ರಸಾಗಳಲ್ಲಿ ‘ಸಿರಾಜಿ’ ಓದಿದ ವಿದ್ಯಾರ್ಥಿ ಎಂಥ ಕಠಿಣ ಮುನಾಸಖಾವನ್ನೂ ಹಲಗೆಯ ಮೇಲೆ ಬಿಡಿಸುತ್ತಾನೆ. ಅವನಿಗೆ ಪಹಣಿಯ ಕಾಲಂಗಳನ್ನೂ ಮ್ಯುಟೇಶನ್ ವಹಿಯನ್ನೂ 11ಇ ನಕ್ಷೆಯನ್ನೂ ಓದಲು ಕಲಿಸಿದರೆ ಊರಿಗೊಬ್ಬ ಉಪಯುಕ್ತ ಆಲಿಮ್ ದೊರೆತಂತಾಗುತ್ತದೆ. ಇದಕ್ಕೆ ಹೊಸ ಗ್ರಂಥ ಬೇಕಿಲ್ಲ, ನಾಡಕಚೇರಿಯಲ್ಲಿ ಎರಡು ದಿನ ಕುಳಿತರೆ ಸಾಕು. ಸರ್ಕಾರ ಈಗ ಪೌತಿ ಖಾತೆಯ ಆಂದೋಲನ ನಡೆಸುತ್ತಿದೆ. ಮೃತರ ಹೆಸರಿನಲ್ಲಿಯೇ ಉಳಿದಿರುವ ಜಮೀನುಗಳು ವಾರಸುದಾರರ ಹೆಸರಿಗೆ ಬರುವ ಸಮಯವಿದು. ಇದರ ಆಧಾರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ತಪ್ಪು ನುಸುಳುವುದು ವಂಶವೃಕ್ಷದಲ್ಲಿಯೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಅಲ್ಲಿ ಬರೆಸುವುದೇ ಇಲ್ಲ, ಕೆಲವೊಮ್ಮೆ ವಿಧವೆ ತಾಯಿಯನ್ನೂ ಬಿಡುತ್ತಾರೆ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬಂದಾಗ ಸಹಿ ಹಾಕುವವರು ಹೆಚ್ಚಾಗಿ ಮಸೀದಿ ಕಮಿಟಿಯ ಹಿರಿಯರು, ನೆರೆಮನೆಯವರು. ಮೃತರಿಗೆ ಎಷ್ಟು ಹೆಣ್ಣುಮಕ್ಕಳು, ಯಾವ ಊರಿಗೆ ಕೊಟ್ಟಿದೆ ಎಂಬುದು ಅವರಿಗೆ ಅಧಿಕಾರಿಗಿಂತ ಚೆನ್ನಾಗಿ ಗೊತ್ತು. ಆ ನಿಕಾಹ್‌ಗಳಿಗೆ ಸಾಕ್ಷಿಯಾಗಿದ್ದವರೂ ಅವರೇ. ಸಹಿಗೆ ಮೊದಲು ವಂಶವೃಕ್ಷವನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ಒಂದು ಹೆಸರು ಕಡಿಮೆ ಇದ್ದರೂ ಅದನ್ನು ಬರೆಸಿದ ಬಳಿಕವೇ ಸಹಿ ಹಾಕಲಿ.